ಹುತ್ತದೊಳಗಿನ ಕಣ್ಣಿಲ್ಲದ ಜೀವ



ಚಾತುರ್ಮಾಸ ಬಂತೆಂದರೆ ನಮ್ಮ ಮನೆಗಳಲ್ಲಿ ಸೂಕ್ಷ್ಮ ಜೀವಗಳ ಮಾತು ಹೆಚ್ಚಾಗುತ್ತದೆ. ಮುನಿಮಹಾರಾಜರು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ತಂಗುತ್ತಾರೆ. ಶ್ರಾವಕ ಶ್ರಾವಿಕೆಯರು ಹಸಿರು ಸೊಪ್ಪು ಬಿಡುತ್ತಾರೆ, ನೀರು ಸೋಸುವ ಬಟ್ಟೆಯನ್ನು ಇನ್ನೂ ಎಚ್ಚರದಿಂದ ಮಡಚುತ್ತಾರೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವಗಳು ಹೆಚ್ಚು, ಎಲ್ಲಿ ಕಾಲಿಗೆ ಸಿಕ್ಕಾವೋ ಎಂಬ ಅಂಜಿಕೆ ಇದಕ್ಕೆ ಕಾರಣ. ಆದರೆ ನೆಲದ ಮೇಲಿನ ಜೀವದ ಬಗ್ಗೆ ಇರುವ ಎಚ್ಚರ ನೆಲದ ಒಳಗಿನ ಜೀವದ ಬಗ್ಗೆ ನಮಗೆ ಇದೆಯೆ? ನನಗಂತೂ ಇರಲಿಲ್ಲ. ಅದನ್ನು ನಾನು ಕಲಿತದ್ದು ತಲೆ ಬೆಳ್ಳಗಾದ ಮೇಲೆ, ಒಂದು ಗೋದಾಮು ಕಟ್ಟಿಸುವ ಸಂದರ್ಭದಲ್ಲಿ. ನಾನು ಪಂಡಿತನೂ ಅಲ್ಲ, ವಿಜ್ಞಾನ ಓದಿದವನೂ ಅಲ್ಲ. ಕಂಡದ್ದನ್ನು, ತಿಳಿದವರಿಂದ ಕೇಳಿ ಓದಿ ಅರಿತದ್ದನ್ನು ವ್ಯಾಪಾರಸ್ಥ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಗುದ್ದಲಿಯ ಏಟಿಗೆ ಕಂಡದ್ದು

ಜತ್ತ ತಾಲೂಕಿನ ನಮ್ಮ ಸೋನ್ಯಾಳ ಮಳೆ ಕಡಿಮೆ ಇರುವ ಭಾಗದ ಊರು. ಸಜ್ಜೆ, ಜೋಳ, ನೀರಿದ್ದ ಕಡೆ ದಾಳಿಂಬೆ. 2016ರ ಬೇಸಿಗೆಯಲ್ಲಿ ಅಂಗಡಿಯ ಹಿಂದಿನ ಬಯಲು ಜಾಗದಲ್ಲಿ ಕಾಳಿನ ಗೋದಾಮು ಕಟ್ಟಿಸಲು ಪಾಯ ತೆಗೆಸುತ್ತಿದ್ದೆ. ಆ ಜಾಗದ ಮೂಲೆಯಲ್ಲಿ ಎದೆಯೆತ್ತರದ ಒಂದು ಹುತ್ತ. ಗೌಂಡಿ ಅದನ್ನು ನೋಡಿ, “ಸಾವಕಾರ್ರ, ಒಳಗ ಔಷಧ ಸುರದು ಮಟ್ಟಾ ಮಾಡೂಣ. ಇಲ್ಲಾಂದ್ರ ನಾಳೆ ನಿಮ್ಮ ಚೀಲಾ, ಚೌಕಟ್ಟು ಯಾವುದೂ ಉಳಿಯೂದಿಲ್ಲ” ಎಂದ. ಅವನ ಮಾತು ಸುಳ್ಳಲ್ಲ. ಗೆದ್ದಲು ಹೊಕ್ಕ ಗೋದಾಮಿನ ಗತಿ ನಮ್ಮವರಿಗೆಲ್ಲ ಗೊತ್ತು. ಔಷಧವನ್ನು ಹುಡುಕಿಕೊಂಡು ಹೋಗುವ ಕಾರಣವೂ ಇರಲಿಲ್ಲ. ಹರಳಿನ ರೂಪದ ಆ ವಿಷ ನಮ್ಮ ಅಂಗಡಿಯಲ್ಲೇ ಇತ್ತು. ಬೀಜ, ಗೊಬ್ಬರದ ಜೊತೆಗೆ ಅದನ್ನೂ ಮಾರುತ್ತಿದ್ದೆವು.

ಗೌಂಡಿ ಹುತ್ತದ ಬುಡಕ್ಕೆ ಒಂದು ಗುದ್ದಲಿ ಏಟು ಹಾಕಿದ. ಮಣ್ಣಿನ ಹೆಂಟೆ ಕಳಚಿ ಬಿತ್ತು. ಒಳಗೆ ಜೇನುಹಲ್ಲೆಯಂತಹ ರಚನೆ, ಓಡಾಡುವ ಗೆದ್ದಲು. ಅವುಗಳ ನಡುವೆ ರವೆಯ ಕಾಳಿಗಿಂತ ಸಣ್ಣದಾದ, ಹಾಲಿನಂತೆ ಬೆಳ್ಳಗಿನ ಚುಕ್ಕೆಗಳು ಹರಿದಾಡುತ್ತಿದ್ದವು. ಬೆರಳು ಹತ್ತಿರ ಒಯ್ದರೆ ಚಿಟ್ಟನೆ ಚಿಮ್ಮಿ ಮಾಯವಾಗುತ್ತಿದ್ದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನನ್ನ ಮಗಳ ಮಗ ರಜೆಗೆಂದು ಬಂದಿದ್ದ. ನಾನು, “ಗೆದ್ದಲ ಮರಿ ನೋಡಪಾ ಎಷ್ಟು ಅದಾವು” ಎಂದೆ. ಅವನು ಚೀಲದಿಂದ ಭೂತಗನ್ನಡಿ ತಂದು ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ, “ಅಜ್ಜಾ, ಇವು ಗೆದ್ದಲ ಮರಿ ಅಲ್ಲ. ಬ್ಯಾರೆ ಜೀವ ಅದಾವ. ಇನ್ನೊಬ್ಬರ ಮನ್ಯಾಗ ಇದ್ದು ಬಾಳ್ವೆ ಮಾಡ್ತಾವ” ಎಂದ.

ಆ ಮಾತಿಗೆ ಕೆಲಸ ಆ ದಿನ ಅಲ್ಲಿಗೇ ನಿಂತಿತು.

ಬಾಲದಲ್ಲಿ ಚಿಮ್ಮುಗೋಲು

ಈ ಜೀವಗಳ ದೊಡ್ಡ ಬಳಗಕ್ಕೆ ಶಾಸ್ತ್ರದ ಹೆಸರು ಕೊಲೆಂಬೊಲ. ಇಂಗ್ಲಿಷಿನಲ್ಲಿ ಸ್ಪ್ರಿಂಗ್‌ಟೇಲ್ ಎನ್ನುತ್ತಾರೆ, ಅಂದರೆ ಬಾಲದಲ್ಲಿ ಸ್ಪ್ರಿಂಗ್ ಉಳ್ಳದ್ದು. ನಾವು ಚಿಮ್ಮುಬಾಲದ ಹುಳ ಎಂದು ಕರೆದುಕೊಳ್ಳೋಣ. ಹೊಟ್ಟೆಯ ಕೆಳಗೆ ಕವಲೊಡೆದ ಒಂದು ಕಡ್ಡಿ ಮಡಚಿಕೊಂಡಿರುತ್ತದೆ. ಸಣ್ಣದೊಂದು ಕೊಕ್ಕೆ ಅದನ್ನು ಹಿಡಿದಿರುತ್ತದೆ. ಅಪಾಯ ಬಂತೆಂದರೆ ಕೊಕ್ಕೆ ಬಿಚ್ಚುತ್ತದೆ, ಕಡ್ಡಿ ನೆಲಕ್ಕೆ ಬಡಿಯುತ್ತದೆ, ಜೀವ ಮೇಲಕ್ಕೆ ಹಾರುತ್ತದೆ. ಇಲಿಬೋನಿನ ಸ್ಪ್ರಿಂಗ್ ಬಿಟ್ಟುಕೊಂಡಂತೆ ಎನ್ನಬಹುದು. ಬಹುಪಾಲು ಒಂದರಿಂದ ಮೂರು ಮಿಲಿಮೀಟರ್ ಉದ್ದ. ಕಾಲು ಆರು ಇದ್ದರೂ ಇಂದಿನ ವಿಜ್ಞಾನಿಗಳು ಇವನ್ನು ಕೀಟಗಳ ಗುಂಪಿಗೆ ಸೇರಿಸುವುದಿಲ್ಲ. ಇವುಗಳ ಬಾಯಿಯ ಭಾಗಗಳು ತಲೆಯ ಒಳಗೆ ಅಡಗಿರುತ್ತವೆ, ರೆಕ್ಕೆ ಎಂದೂ ಮೂಡುವುದಿಲ್ಲ, ದೊಡ್ಡದಾದ ಮೇಲೂ ಜೀವನಪೂರ್ತಿ ಪೊರೆ ಕಳಚುತ್ತಲೇ ಇರುತ್ತವೆ.

ಲೋಕದಲ್ಲಿ ಇಲ್ಲಿಯವರೆಗೆ ಹೆಸರು ಪಡೆದ ಇವುಗಳ ಜಾತಿಗಳು ಒಂಬತ್ತು ಸಾವಿರಕ್ಕೂ ಹೆಚ್ಚು. ಕಾಡಿನ ತರಗೆಲೆಯ ಕೆಳಗೆ, ಹೊಲದ ಮಣ್ಣಿನಲ್ಲಿ, ಮರದ ತೊಗಟೆಯಲ್ಲಿ, ನಿಂತ ನೀರಿನ ಮೇಲೆ, ಹಿಮದ ಮೇಲೆ, ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದಲ್ಲಿ ಕೂಡ ಇವೆ. ಒಳ್ಳೆಯ ಮಣ್ಣಿದ್ದರೆ ಒಂದು ಚದರ ಮೀಟರ್ ಜಾಗದಲ್ಲಿ ಹತ್ತಾರು ಸಾವಿರ ಸಿಗುತ್ತವೆ. ನಾವು ಮಧ್ಯಾಹ್ನ ಒರಗಿಕೊಳ್ಳುವ ಒಂದು ಚಾಪೆಯಷ್ಟು ನೆಲದಲ್ಲಿ ಒಂದು ಪೇಟೆಯ ಜನಸಂಖ್ಯೆ ಇರುತ್ತದೆ ಎಂದಾಯಿತು.

ಇವು ಬಹಳ ಹಳೆಯ ಕಾಲದವು. ಸ್ಕಾಟ್‌ಲ್ಯಾಂಡಿನ ರೈನಿ ಎಂಬಲ್ಲಿಯ ಕಲ್ಲಿನಲ್ಲಿ ಸಿಕ್ಕ ಇವುಗಳ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಅದಕ್ಕೆ 1926ರಲ್ಲಿ ‘ರೈನಿಯೆಲ್ಲ’ ಎಂದು ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ದೇಶದವರೇ, ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ಬಂಗಾಲದ ಎಸ್. ಮೌಲಿಕ್. ಮನುಷ್ಯ ಇರಲಿ, ಹೂ ಬಿಡುವ ಗಿಡ ಕೂಡ ಇಲ್ಲದ ಕಾಲದಿಂದ ಇವು ಮಣ್ಣಿನ ಕೆಲಸ ಮಾಡುತ್ತ ಬಂದಿವೆ.

ಪರರ ಮನೆಯೇ ಇದರ ಮನೆ

ನಮ್ಮ ಹುತ್ತದಲ್ಲಿ ಕಂಡದ್ದು ಸೈಫೋಡೆರಸ್ ಎಂಬ ಕುಲದ್ದು ಎಂದು ಮೊಮ್ಮಗ ಹೇಳಿದ. ಸ್ವಿಟ್ಜರ್ಲೆಂಡಿನ ನಿಕೊಲೆ ಎಂಬವರು 1842ರಲ್ಲಿ ಈ ಹೆಸರಿಟ್ಟರು. ಗೂನು ಕುತ್ತಿಗೆಯದು ಎಂದು ಅದರ ಅರ್ಥ. ಭಾರತದಲ್ಲಿ ಸಿಗುವ ಒಂದು ಜಾತಿಗೆ ಜಾವಾ ದ್ವೀಪದ ಹೆಸರಿನಿಂದ ‘ಜಾವಾನಸ್’ ಎನ್ನುತ್ತಾರೆ. ಅದು 1906ರಲ್ಲಿ ಹೆಸರು ಪಡೆಯಿತು.

ಈ ಕುಲದ ಜೀವಗಳಿಗೆ ಬಣ್ಣವಿಲ್ಲ, ಕಣ್ಣೂ ಇಲ್ಲ. ಮೈಮೇಲೆ ತೆಳ್ಳನೆಯ ಹುರುಪೆಗಳು, ಚಿಮ್ಮುವ ಕಡ್ಡಿಯ ಮೇಲೆ ಗರಿಯಂತಹ ದೊಡ್ಡ ಹುರುಪೆಗಳ ಸಾಲು. ಇವು ಹೆಚ್ಚಾಗಿ ಇರುವುದು ಇರುವೆಗಳ ಗೂಡಿನಲ್ಲಿ, ಗೆದ್ದಲಿನ ಹುತ್ತದಲ್ಲಿ. ಏಕೆ ಅಲ್ಲಿಯೇ ಇರಬೇಕು ಎಂದು ನಾನು ಕೇಳಿದೆ. ಉತ್ತರ ಸರಳವಾಗಿದೆ. ಚಿಮ್ಮುಬಾಲದ ಹುಳಗಳ ಚರ್ಮ ಬಹಳ ತೆಳು. ಒಣಗಾಳಿಗೆ ಮೈಯೊಳಗಿನ ನೀರು ಬೇಗ ಆರಿ ಜೀವ ಹೋಗುತ್ತದೆ. ನಮ್ಮ ಜತ್ತ ಭಾಗದಲ್ಲಿ ಚೈತ್ರ ವೈಶಾಖದಲ್ಲಿ ಬಾವಿಯ ತಳ ಕಾಣುತ್ತದೆ, ಭೂಮಿ ಬಾಯಿ ಬಿಡುತ್ತದೆ. ಅಂತಹ ಕಾಲದಲ್ಲೂ ಹುತ್ತದ ಒಳಗೆ ತಂಪು, ತೇವ ಇರುತ್ತದೆ. ಗೆದ್ದಲು ಆಳದಿಂದ ಹಸಿ ಮಣ್ಣು ತಂದು ಮೆತ್ತುತ್ತವೆ. ಒಣ ಕಟ್ಟಿಗೆ, ಕಣಿಕೆ ಕಡಿದು ತಂದು ಹಲ್ಲೆಯಂತೆ ಜೋಡಿಸಿ ಅದರ ಮೇಲೆ ತಮ್ಮ ಆಹಾರಕ್ಕಾಗಿ ಬೂಸುರು ಬೆಳೆಸುತ್ತವೆ. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳುವ ಅಣಬೆ ಇದೇ ತೋಟದ್ದು. ಇಂತಹ ಮನೆಯಲ್ಲಿ ಈ ಬಿಳಿಯ ಜೀವಗಳು ಉಳಿದುಬಿದ್ದ ಬೂಸುರು, ಕಸ ತಿಂದು ಬದುಕುತ್ತವೆ. ಹೊರಗೆ ಬರಗಾಲ ಬಿದ್ದಾಗ ಒಳಗೆ ಇವುಗಳಿಗೆ ಆಸರೆ. ಕತ್ತಲೆಯಲ್ಲಿ ಕಣ್ಣಿನ ಅವಶ್ಯಕತೆ ಇಲ್ಲ, ಮೀಸೆಯಿಂದ ಮುಟ್ಟಿ, ವಾಸನೆ ಹಿಡಿದು ನಡೆಯುತ್ತವೆ.

ಈ ಬಳಗಕ್ಕೆ ಕೊಲೆಂಬೊಲ ಎಂಬ ಹೆಸರು ಕೊಟ್ಟವರು ಯಾರೆಂದು ತಿಳಿದಾಗ ನನಗೆ ಸಂತೋಷವಾಯಿತು. ಅವರು ನಮ್ಮ ಹಾಗೆಯೇ ಲೇವಾದೇವಿಯ ಮನೆತನದವರು. ಲಂಡನ್ನಿನ ಬ್ಯಾಂಕ್ ಮಾಲೀಕ ಸರ್ ಜಾನ್ ಲಬಕ್. ಇಂಗ್ಲೆಂಡಿನಲ್ಲಿ ಬ್ಯಾಂಕುಗಳಿಗೆ ರಜೆ ಕೊಡುವ ಕಾನೂನನ್ನು 1871ರಲ್ಲಿ ತಂದವರೂ ಇವರೇ. ಹಗಲು ಹಣದ ಲೆಕ್ಕ, ಉಳಿದ ಹೊತ್ತು ಸೂಕ್ಷ್ಮಜೀವಗಳ ಅಭ್ಯಾಸ. 1873ರಲ್ಲಿ ಇವುಗಳ ಮೇಲೆ ದೊಡ್ಡ ಗ್ರಂಥ ಬರೆದರು. ಗಾಜಿನ ಹಾಳೆಗಳ ನಡುವೆ ಇರುವೆಗಳನ್ನು ಸಾಕಿ ವರ್ಷಗಟ್ಟಲೆ ನೋಡಿದರು. ಆ ಇರುವೆಗಳ ನಡುವೆ ನಿರಾತಂಕವಾಗಿ ಓಡಾಡುವ ಈ ಬಿಳಿಯ ಕುರುಡು ಅತಿಥಿಯ ವಿಷಯವನ್ನು ಇರುವೆಗಳ ಬಗ್ಗೆ 1882ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಳಿದ್ದಾರೆ. ಅಂಗಡಿಯ ಗದ್ದಿಗೆಯ ಮೇಲೆ ಕೂತವನಿಗೆ ಇಂತಹದಕ್ಕೆ ವೇಳೆ ಇಲ್ಲ ಎಂದು ಹೇಳುವ ನನ್ನ ಬಾಯಿ ಅಂದು ಮುಚ್ಚಿತು.

ನಮ್ಮ ಕನ್ನಡ ನಾಡಿನಲ್ಲಿಯೂ ಮಣ್ಣಿನ ಜೀವಿಗಳ ಅಭ್ಯಾಸ ನಡೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ. ವೀರೇಶ್ ಮತ್ತು ಡಿ. ರಾಜಗೋಪಾಲ್ ಇವರು ಮಣ್ಣಿನ ಜೀವಶಾಸ್ತ್ರದ ಬಗ್ಗೆ 1983ರಲ್ಲಿ ಒಂದು ಗ್ರಂಥವನ್ನೇ ಸಂಪಾದಿಸಿದ್ದಾರೆ.

ಎಷ್ಟು ಇಂದ್ರಿಯದ ಜೀವ?

ಆ ರಾತ್ರಿ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು. ತತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಕ್ರಿಮಿ, ಇರುವೆ, ದುಂಬಿ, ಮನುಷ್ಯ ಎಂದು ಉದಾಹರಣೆ ಕೊಟ್ಟು ಒಂದೊಂದು ಇಂದ್ರಿಯ ಹೆಚ್ಚಾಗುವ ಕ್ರಮವನ್ನು ತೋರಿಸಿದ್ದಾರೆ. ಕ್ರಿಮಿಗೆ ಸ್ಪರ್ಶ ಮತ್ತು ರುಚಿ, ಇರುವೆಗೆ ಮೂಗಿನ ಇಂದ್ರಿಯವೂ ಸೇರಿ ಮೂರು, ದುಂಬಿಗೆ ಕಣ್ಣು ಸೇರಿ ನಾಲ್ಕು. ಪಾಠಶಾಲೆಯ ಮಕ್ಕಳಿಗೂ ಇದು ಬಾಯಿಪಾಠ. ಹಾಗಾದರೆ ಕಣ್ಣಿಲ್ಲದ ಸೈಫೋಡೆರಸ್ ಮೂರು ಇಂದ್ರಿಯದ ಸಾಲಿನಲ್ಲಿ ಕೂಡಬೇಕು. ಆದರೆ ಇದರ ಬಳಗದಲ್ಲೇ ಸೈರಾ ಎಂಬ ಕುಲವಿದೆ. ಅದು ಒಣ ಜಾಗಕ್ಕೂ ಹೊಂದಿಕೊಂಡು ತೊಗಟೆಯ ಮೇಲೆ, ಕೆಲವೊಮ್ಮೆ ಮನೆಯೊಳಗೂ ಇರುತ್ತದೆ. ಅದಕ್ಕೆ ತಲೆಯ ಒಂದೊಂದು ಬದಿಗೆ ಎಂಟೆಂಟು ಸಣ್ಣ ಕಣ್ಣುಗಳು. ಅದನ್ನು ನಾಲ್ಕು ಇಂದ್ರಿಯದ ಸಾಲಿನಲ್ಲಿ ಎಣಿಸಬೇಕೆ? ಒಂದೇ ಬಳಗದವರು ಎರಡು ಸಾಲಿನಲ್ಲಿ ಕೂಡಬಹುದೆ? ಇದನ್ನು ಪಂಡಿತರು ಬಿಡಿಸಿ ಹೇಳಬೇಕು. ನನಗೆ ತಿಳಿದದ್ದು ಇಷ್ಟೇ: ಎರಡೂ ತ್ರಸ ಜೀವಗಳೇ. ಅಪಾಯ ಬಂದರೆ ಓಡುತ್ತವೆ, ಬದುಕಬೇಕೆನ್ನುತ್ತವೆ. ಮೂರಾದರೇನು, ನಾಲ್ಕಾದರೇನು, ಅಣುವ್ರತದಲ್ಲಿ ತ್ರಸ ಜೀವವನ್ನು ತಿಳಿದು ಕೊಲ್ಲಬಾರದೆಂದು ನಾವು ಒಪ್ಪಿಕೊಂಡಿದ್ದೇವೆ.

ಹಳೆಯ ಬಾಕಿ

ಶಾಸ್ತ್ರದಲ್ಲಿ ಹಿಂಸೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ಬಿಡಬೇಕು. ಮನೆಗೆಲಸ, ಉದ್ಯೋಗ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಆದಷ್ಟು ತಗ್ಗಿಸಬೇಕು. ನಾನು ಯಾವಾಗಲೂ ಹುತ್ತಕ್ಕೆ ಹಾಕುವ ವಿಷವನ್ನು ಉದ್ಯೋಗದ ಖಾತೆಗೆ ಬರೆದು ಸುಮ್ಮನಾಗುತ್ತಿದ್ದೆ. 1998ರಲ್ಲಿ ಹಳೆಯ ಗೋದಾಮಿನ ಹತ್ತಿರ ಇನ್ನೊಂದು ಹುತ್ತ ಎದ್ದಿತ್ತು. ನಾನೇ ನನ್ನ ಕೈಯಾರೆ ಅದರ ಬಾಯಿಗೆ ವಿಷ ಸುರಿದು, ನೀರು ಹೊಯ್ದು, ಕಲ್ಲು ಮುಚ್ಚಿದ್ದೆ. ಮೂರು ದಿನದ ಮೇಲೆ ಹೋಗಿ ನೋಡಿ ಕೆಲಸ ಆಯಿತೆಂದು ಸಮಾಧಾನಪಟ್ಟಿದ್ದೆ. ಒಳಗೆ ಯಾರು ಯಾರು ಇದ್ದರೆಂದು ಒಮ್ಮೆಯಾದರೂ ನೋಡಿರಲಿಲ್ಲ. ಗೆದ್ದಲು ನನ್ನ ಚೀಲಕ್ಕೆ ಬಂದದ್ದು ನಿಜ. ಆದರೆ ನನ್ನ ಒಂದು ಕಾಳನ್ನೂ ಮುಟ್ಟದ, ಗೆದ್ದಲಿನ ಮನೆಯ ಕಸ ತಿಂದು ಬದುಕುವ ಈ ಜೀವಗಳು ನನಗೆ ಏನು ಮಾಡಿದ್ದವು?

ಮರುದಿನ ಬೆಳಿಗ್ಗೆ ವಿಷದ ಪೊಟ್ಟಣ ಅಂಗಡಿಯ ಕಟ್ಟೆಯ ಮೇಲೆಯೇ ಇತ್ತು. ನಮ್ಮ ಮನೆಯವರು ಬಾವಿಯ ನೀರು ಸೋಸುತ್ತಿದ್ದರು. ಪೊಟ್ಟಣ ನೋಡಿ, “ನೀರು ಸೋಸಿ ಕುಡಿಯೋ ಮಂದಿ ನಾವು. ವಿಷಾ ಮಾತ್ರ ಒಳಗ ಏನೈತಿ ಅಂತ ನೋಡದ ಸುರೂದೇನ್ರೀ?” ಎಂದರು. ಇಷ್ಟು ಹೇಳಿ, ಸೋಸಿದ ಬಟ್ಟೆಯನ್ನು ತಿರುವಿ ಅದರಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡಲು ಹೋದರು.

ಆ ಪದ್ಧತಿಯ ಅರ್ಥ ನನಗೆ ಅಂದು ಪೂರ್ತಿಯಾಗಿ ತಿಳಿಯಿತು. ಯಾವ ಬಾವಿಯ ನೀರೋ ಅದೇ ಬಾವಿಗೆ ಜೀವಗಳನ್ನು ಮರಳಿ ಬಿಡಬೇಕೆಂದು ಹಿರಿಯರು ಏಕೆ ಹೇಳಿದರು? ಪ್ರತಿಯೊಂದು ಜೀವಕ್ಕೂ ತನ್ನದೆಂಬ ಒಂದು ಸ್ಥಾನವಿದೆ, ಅಲ್ಲಿಂದ ಕಿತ್ತರೆ ಅದು ಉಳಿಯುವುದಿಲ್ಲ ಎಂಬುದನ್ನು ಅವರು ಅರಿತಿದ್ದರು. ಹುತ್ತ ಕೆಡವಿ, ಜೀವಗಳನ್ನು ಆಚೆ ಎಸೆದರೂ ನಮ್ಮ ಬಿಸಿಲಿನಲ್ಲಿ ತೆಳುಚರ್ಮದ ಈ ಜೀವಗಳು ಬಾಳುವುದಿಲ್ಲ. ಅವುಗಳನ್ನು ಉಳಿಸಬೇಕಾದರೆ ಅವುಗಳ ಸ್ಥಾನವನ್ನೇ ಉಳಿಸಬೇಕು.

ಗೌಂಡಿಯನ್ನು ಕರೆದು ಪಾಯವನ್ನು ಆರು ಅಡಿ ಈಚೆಗೆ ತೆಗೆಸಿದೆ. ನಲವತ್ತು ಚೀಲ ಇಡುವಷ್ಟು ಜಾಗ ಹೋಯಿತು, ಅಗೆದ ಕೂಲಿ ಎರಡು ಸಲ ಕೊಡಬೇಕಾಯಿತು. ಮಗನಿಗೆ ಇದು ಮೊದಲು ಸರಿಬರಲಿಲ್ಲ. “ವ್ಯಾಪಾರದಾಗ ಹಿಂಗ ಮಾಡಿದ್ರ ಹೆಂಗ ಅಪ್ಪಾ?” ಎಂದ. ನಾನು, “ನಷ್ಟ ನನ್ನ ಹೆಸರಿಗೆ ಬರಿ” ಎಂದೆ. ಒಡೆದ ಹುತ್ತದ ಬುಡವನ್ನು ಗೆದ್ದಲುಗಳು ವಾರದೊಳಗೆ ತಾವೇ ಮುಚ್ಚಿಕೊಂಡವು.

ಅಂಗಡಿಯ ಮಾತು

ಗೋದಾಮಿನ ಪ್ರಶ್ನೆ ಮುಗಿಯಿತು, ಅಂಗಡಿಯ ಪ್ರಶ್ನೆ ಉಳಿಯಿತು. ಶ್ರಾವಕನು ಮಾಡಬಾರದ ಹದಿನೈದು ವ್ಯಾಪಾರಗಳಲ್ಲಿ ವಿಷದ ವ್ಯಾಪಾರವೂ ಒಂದೆಂದು ಹಿರಿಯರಿಂದ ಕೇಳಿದ್ದೆ. ಆದರೆ ಅದು ಹಿಂದಿನ ಕಾಲದ ಮಾತು, ಇದು ರೈತನಿಗೆ ಬೇಕಾದ ಔಷಧ ಎಂದು ಸಮಾಧಾನ ಹೇಳಿಕೊಂಡಿದ್ದೆ. ನಾವು ಮಾರುತ್ತಿದ್ದ ಹರಳು ಫೋರೇಟ್ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತ್ಯಂತ ಅಪಾಯಕಾರಿ ವಿಷಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹುಳಕ್ಕೆ ಮಾತ್ರವಲ್ಲ, ಬರಿಗೈಯಿಂದ ಎರಚುವ ರೈತನಿಗೂ ಅದು ವಿಷವೇ. ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಆದೇಶದಿಂದ 2020ರ ಡಿಸೆಂಬರ್ 31ಕ್ಕೆ ಅದು ಪೂರ್ತಿ ನಿಷಿದ್ಧವಾಯಿತು. ನಾವು 2016ರ ದಸರೆಯಿಂದಲೇ ಅದನ್ನು ತರಿಸುವುದನ್ನು ಬಿಟ್ಟೆವು. ಸರಕಾರ ಹೇಳುವ ಮೊದಲೇ ಬಿಟ್ಟೆನೆಂದು ಹೆಮ್ಮೆ ಪಡುವಂತಿಲ್ಲ. ಇಪ್ಪತ್ತು ವರ್ಷ ಮಾರಿದ ಲೆಕ್ಕವೂ ನನ್ನದೇ.

ವಿಷದ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಿಂದೆ ಡಿಡಿಟಿ ಬಳಕೆಗೆ ಬಂದ ಕಾಲದಲ್ಲಿ ಅದನ್ನು ಮಣ್ಣಿಗೆ ಹಾಕಿ ನೋಡಿದ ವಿಜ್ಞಾನಿಗಳಿಗೆ ಆಶ್ಚರ್ಯ ಕಾದಿತ್ತು. ಚಿಮ್ಮುಬಾಲದ ಹುಳಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಅವುಗಳನ್ನು ಹಿಡಿದು ತಿನ್ನುತ್ತಿದ್ದ ಒಂದು ಬಗೆಯ ನುಸಿಗಳು ಡಿಡಿಟಿಯಿಂದ ಸತ್ತುಹೋಗಿದ್ದವು. ಬೇರೆ ವಿಷಗಳು ಈ ಹುಳಗಳನ್ನೇ ಕೊಲ್ಲುತ್ತವೆ. ಮಣ್ಣಿನಲ್ಲಿ ವಿಷ ಎಷ್ಟಿದೆ ಎಂದು ಅಳೆಯಲು ಪ್ರಯೋಗಶಾಲೆಗಳು ಫೋಲ್ಸೋಮಿಯ ಎಂಬ ಇನ್ನೊಂದು ಬಿಳಿಯ, ಕಣ್ಣಿಲ್ಲದ ಚಿಮ್ಮುಬಾಲದ ಹುಳವನ್ನೇ ಬಳಸುತ್ತವೆ. ಅದು ಬದುಕಿ ಸಂತಾನ ಬೆಳೆಸಿದರೆ ಮಣ್ಣು ಚೊಕ್ಕಟ ಎಂದು ಲೆಕ್ಕ. ಎಲೆ, ಕಸ, ಬೂಸುರು ತಿಂದು ಮಣ್ಣನ್ನು ಫಲವತ್ತಾಗಿಡುವ ಕೆಲಸದಲ್ಲಿ ಇವುಗಳ ಪಾಲೂ ಇದೆ. ರೈತನ ಬೆಳೆ ಬಂದರೆ ತಾನೇ ನಮ್ಮ ಅಡತಿಗೆ ಚೀಲ ಬರುವುದು?

ಬಂಧುಗಳಲ್ಲಿ ವಿನಂತಿ

ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಮಾಡುತ್ತೇನೆ. ಗೋದಾಮಿನ ಪಾಯವನ್ನು ಕಲ್ಲಿನಿಂದ ಎತ್ತರವಾಗಿ ಕಟ್ಟಿಸಿರಿ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಿರಿ. ವಾರಕ್ಕೊಮ್ಮೆ ಗೋಡೆಯ ಬುಡ ನೋಡಿರಿ, ಮಣ್ಣಿನ ಗೆರೆ ಏಳುವ ಮೊದಲೇ ದಾರಿ ಮುಚ್ಚಿರಿ. ಮೂರನೆಯ ವರ್ಷ ನಮ್ಮಲ್ಲಿಯೂ ಒಂದು ಗೆರೆ ಎದ್ದಿತ್ತು. ಕಸಬರಿಗೆಯಿಂದ ತೆಗೆದೆವು. ಅದರಲ್ಲೂ ಕೆಲವು ಗೆದ್ದಲು ಸತ್ತವು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಗೆರೆ ಒರೆಸುವುದಕ್ಕೂ ಒಂದು ಊರನ್ನೇ ಕೊಲ್ಲುವುದಕ್ಕೂ ಅಂತರವಿದೆ.

ಬಚ್ಚಲಿನಲ್ಲಿ, ಸೋರುವ ಗೋಡೆಯಲ್ಲಿ, ಹೂಕುಂಡದಲ್ಲಿ ಜಿಗಿಯುವ ಸಣ್ಣ ಜೀವಗಳು ಕಂಡರೆ ಕೂಡಲೇ ವಿಷ ಸಿಂಪಡಿಸಬೇಡಿರಿ. ಚಿಮ್ಮುಬಾಲದ ಹುಳ ಕಚ್ಚುವುದಿಲ್ಲ, ರೋಗ ತರುವುದಿಲ್ಲ. ತೇವದ ಬೂಸುರಿಗೆ ಬಂದಿರುತ್ತದೆ. ಸೋರುವ ನಳ ರಿಪೇರಿ ಮಾಡಿಸಿ, ಕಿಟಕಿ ತೆರೆದು ಗಾಳಿ ಆಡಲು ಬಿಟ್ಟರೆ ಬೂಸುರೂ ಹೋಗುತ್ತದೆ, ಹುಳಗಳೂ ಕಡಿಮೆಯಾಗುತ್ತವೆ. ಹೊಲ ಇದ್ದವರು ಕೂಳೆ, ಕಸ ಸುಡುವ ಬದಲು ತಿಪ್ಪೆಗೆ ಹಾಕಿ ಗೊಬ್ಬರ ಮಾಡಿರಿ. ಬದುವಿನ ಮೂಲೆಯ ಹುತ್ತವನ್ನು ಅದರ ಪಾಡಿಗೆ ಬಿಡಿರಿ.

ನಮ್ಮ ಗೋದಾಮಿನ ಹಿಂದೆ ಆ ಹುತ್ತ ಇನ್ನೂ ಇದೆ, ಮೊದಲಿಗಿಂತ ಎತ್ತರವಾಗಿದೆ. ನಾಗಪಂಚಮಿಗೆ ಊರ ಹೆಣ್ಣುಮಕ್ಕಳು ಅದಕ್ಕೆ ಪೂಜೆಗೆ ಬರುತ್ತಾರೆ. ಮಗನೇ ಅವರಿಗಾಗಿ ಅದರ ಸುತ್ತ ಕಸ ಗುಡಿಸುತ್ತಾನೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ನಾವೆಲ್ಲ ಪರಸ್ಪರ ಕೈಜೋಡಿಸಿ ಕ್ಷಮೆ ಕೇಳುತ್ತೇವೆ, ಸಮಸ್ತ ಜೀವಗಳ ಕ್ಷಮೆಯನ್ನೂ ಕೇಳುತ್ತೇವೆ. ಮೊದಲು ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬರುತ್ತಿದ್ದವರು ಮಾತು ಬಿಟ್ಟ ನೆಂಟರು, ಉದ್ರಿ ವಸೂಲಿಗೆ ನಾನು ಗದರಿಸಿದ ಗಿರಾಕಿಗಳು. ಈಗ ಅವರೊಂದಿಗೆ 1998ರಲ್ಲಿ ನಾನು ಕಲ್ಲು ಮುಚ್ಚಿದ ಆ ಹುತ್ತವೂ ಬರುತ್ತದೆ. ಅದರೊಳಗಿನವರ ಕ್ಷಮೆ ಕೇಳಿಯೇ ಮುಂದಿನ ಮನೆಗೆ ಹೋಗುತ್ತೇನೆ.